ತೊಳೆದರೆ ಹೋಗುವುದು, ತೊಳೆದರೂ ಹೋಗದ್ದು

(ಸಂಘದ ವಾರ್ಷಿಕ ಸಭೆಯಲ್ಲಿ ಪಾಲಕರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟ ವಿಷಯವನ್ನು ಕೇಳಿ ನಿಮ್ಮಲ್ಲಿ ಕೆಲವರಿಗೆ ನಗು ಬಂದಿರಬಹುದು. "ಮಕ್ಕಳಿಗೆ ಹಣ್ಣು ಕೊಡುವ ಮುನ್ನ ತೊಳೆಯಬೇಕೇ?" ಇದೂ ಒಂದು ಭಾಷಣದ ವಿಷಯವೇ? "ಹೌದು, ತೊಳೆಯಬೇಕು" ಎಂದು ಒಂದೇ ಮಾತು ಹೇಳಿ ನಾನು ವೇದಿಕೆಯಿಂದ ಇಳಿಯಬಹುದಿತ್ತು. ಆದರೆ ನಾನು ವೃತ್ತಿಯಿಂದ ಮಾಸ್ತರ. ಉತ್ತರ ಗೊತ್ತಿದ್ದರೆ ಸಾಲದು, ಕಾರಣವೂ ಗೊತ್ತಿರಬೇಕು ಎಂದು ಮಕ್ಕಳಿಗೆ ಹೇಳುತ್ತಾ ಬಂದವನು. ಆದ್ದರಿಂದ ಈ ಸಣ್ಣ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಯಾವುದರಿಂದ ತೊಳೆಯಬೇಕು? ಯಾವ ಕೈಯಿಂದ ತೊಳೆಯಬೇಕು? ತೊಳೆದರೆ ಏನು ಹೋಗುತ್ತದೆ? ಎಲ್ಲಕ್ಕಿಂತ ಮುಖ್ಯವಾಗಿ, ತೊಳೆದರೂ ಹೋಗದೆ ಉಳಿಯುವುದು ಏನು, ಅದಕ್ಕೆ ಹೊಣೆ ಯಾರು?

ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದವರು ಹಣ್ಣನ್ನು ಕೊಂಡು ತಿನ್ನುವವರು ಮಾತ್ರವಲ್ಲ, ಬೆಳೆಯುವವರೂ ಹೌದು. ಅಥಣಿ ಮತ್ತು ಕಾಗವಾಡ ಕಡೆಯ ದ್ರಾಕ್ಷಿ ತೋಟಗಳನ್ನು ನೀವೆಲ್ಲ ನೋಡಿದ್ದೀರಿ. ಈ ಸಭೆಯಲ್ಲಿ ತೋಟದ ಮಾಲೀಕರೂ ಇದ್ದೀರಿ, ತೋಟಕ್ಕೆ ಕೂಲಿಗೆ ಹೋಗುವ ತಾಯಂದಿರೂ ಇದ್ದೀರಿ, ಕೈಗಾಡಿಯಲ್ಲಿ ಹಣ್ಣು ಮಾರುವ ಅಣ್ಣಂದಿರೂ ಇದ್ದೀರಿ. ಆದುದರಿಂದ ಈ ಮಾತು ನಮ್ಮ ನಮ್ಮೊಳಗಿನ ಮಾತು.

ಹಣ್ಣಿನ ಮೇಲೆ ಏನಿರುತ್ತದೆ?

ಒಂದು ಪೇರಲಹಣ್ಣಿನ ಪ್ರವಾಸವನ್ನು ನೆನಪಿಸಿಕೊಳ್ಳಿ. ಗಿಡದಿಂದ ಕೆಲವು ಸಲ ನೆಲಕ್ಕೆ ಬೀಳುತ್ತದೆ. ಅಲ್ಲಿಂದ ಬುಟ್ಟಿಗೆ, ಬುಟ್ಟಿಯಿಂದ ಟೆಂಪೋಗೆ, ಟೆಂಪೋದಿಂದ ಸಂತೆಯ ಗೋಣಿತಾಟಿಗೆ. ಸಂತೆಯಲ್ಲಿ ಹತ್ತು ಜನ ಅದನ್ನು ಹಿಚುಕಿ ನೋಡಿ ಇಡುತ್ತಾರೆ. ನೊಣ ಕೂರುತ್ತದೆ, ರಸ್ತೆಯ ಧೂಳು ಬೀಳುತ್ತದೆ. ಹನ್ನೊಂದನೆಯವರಾಗಿ ನೀವು ಅದನ್ನು ಕೊಂಡು ಸೆರಗಿಗೋ ಓಢಣಿಗೋ ಒರೆಸಿ ಮಗುವಿನ ಕೈಗೆ ಕೊಡುತ್ತೀರಿ. ಒರೆಸಿದಾಗ ಹೊಳಪು ಬರುತ್ತದೆ, ಆದರೆ ಹೊಳಪು ಬಂದದ್ದೆಲ್ಲ ಶುದ್ಧವಾದದ್ದಲ್ಲ.

ವಾಂತಿ, ಭೇದಿ, ಟೈಫಾಯ್ಡ್, ಕಾಮಾಲೆ ತರುವ ರೋಗಾಣುಗಳು ಹೊಲಸು ಕೈ, ಹೊಲಸು ನೀರು ಮತ್ತು ನೊಣಗಳ ಮೂಲಕ ಬಾಯಿಗೆ ಸೇರುತ್ತವೆ. ಜಂತುಹುಳುವಿನ ತತ್ತಿಗಳು ಮಣ್ಣಿನಲ್ಲಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ. 2015ರಿಂದ ನಮ್ಮ ದೇಶದಲ್ಲಿ ಜಂತುಹುಳು ನಿವಾರಣಾ ದಿನವನ್ನು ಆಚರಿಸುತ್ತಾ ಬಂದಿದ್ದಾರೆ. ಶಾಲೆಯಲ್ಲಿ, ಅಂಗನವಾಡಿಯಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಮಾತ್ರೆ ಹೊಟ್ಟೆಯೊಳಗಿನ ಹುಳುವನ್ನು ಕೊಲ್ಲುತ್ತದೆ. ಆದರೆ ಹುಳು ಒಳಗೆ ಬಂದ ದಾರಿ ತೆರೆದೇ ಇದ್ದರೆ ಮುಂದಿನ ಮಾತ್ರೆ ಬರುವುದರೊಳಗೆ ಹೊಸ ಹುಳು ಸೇರಿರುತ್ತದೆ. ಆ ದಾರಿಯನ್ನು ಮುಚ್ಚುವುದು ತೊಳೆದ ಕೈ ಮತ್ತು ತೊಳೆದ ಹಣ್ಣು.

ಸಿಪ್ಪೆ ಸುಲಿದು ತಿನ್ನುವ ಹಣ್ಣನ್ನು ಯಾಕೆ ತೊಳೆಯಬೇಕು ಎಂದು ಕೇಳುವವರಿದ್ದಾರೆ. ಕಲ್ಲಂಗಡಿ, ಕರಬೂಜದ ಸಿಪ್ಪೆಯನ್ನು ಯಾರೂ ತಿನ್ನುವುದಿಲ್ಲ ನಿಜ. ಆದರೆ ಚಾಕು ಸಿಪ್ಪೆಯ ಮೂಲಕವೇ ಒಳಗೆ ಹೋಗುತ್ತದೆ. 2011ರಲ್ಲಿ ಅಮೆರಿಕದ ಕೊಲೊರಾಡೊದ ಒಂದು ತೋಟದ ಕರಬೂಜ ಹಣ್ಣಿನಿಂದ ಲಿಸ್ಟೀರಿಯಾ ಎಂಬ ರೋಗಾಣು ಹರಡಿ 147 ಜನ ಕಾಯಿಲೆ ಬಿದ್ದರು, 33 ಜನ ತೀರಿಕೊಂಡರು. ಅಷ್ಟು ಮುಂದುವರಿದ ದೇಶದಲ್ಲಿಯೇ ಹೀಗಾಯಿತು. ಆದ್ದರಿಂದ ಕೊಯ್ಯುವ ಹಣ್ಣನ್ನು ಕೊಯ್ಯುವ ಮೊದಲೇ ತೊಳೆಯಬೇಕು, ಚಾಕು ಮತ್ತು ಮಣೆಯನ್ನೂ ತೊಳೆಯಬೇಕು. ಬಾಳೆ, ಕಿತ್ತಳೆ, ದಾಳಿಂಬೆಗೂ ಇದೇ ಮಾತು. ಸಿಪ್ಪೆ ಮುಟ್ಟಿದ ಬೆರಳೇ ತಿರುಳನ್ನೂ ಮುಟ್ಟುತ್ತದೆಯಲ್ಲವೇ?

ಮೊದಲು ಕೈ, ಆಮೇಲೆ ನೀರು, ಆಮೇಲೆ ಹಣ್ಣು

ಈ ಕ್ರಮವನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿಕೊಳ್ಳಿರಿ. ಹೊಲಸು ಕೈಯಿಂದ ತೊಳೆದ ಹಣ್ಣು ತೊಳೆಯದ ಹಣ್ಣಿಗಿಂತ ಉತ್ತಮವೇನೂ ಅಲ್ಲ. ನಿಪ್ಪಾಣಿಯ ತಾಯಂದಿರಿಗೆ ಇಲ್ಲಿ ಒಂದು ವಿಶೇಷ ವಿನಂತಿ. ನಿಪ್ಪಾಣಿ ಎಂದರೆ ತಂಬಾಕು, ನಿಪ್ಪಾಣಿ ಎಂದರೆ ಬೀಡಿ. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ದಿನವಿಡೀ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರ ಕೈಗಳಿಗೆ ನಾನು ತಲೆಬಾಗುತ್ತೇನೆ. ಆದರೆ ಆ ಕೈಯಲ್ಲಿ ತಂಬಾಕಿನ ಪುಡಿ ಇರುತ್ತದೆ, ತಂಬಾಕಿನಲ್ಲಿ ನಿಕೋಟಿನ್ ಎಂಬ ವಿಷ ಇರುತ್ತದೆ. ಮಗು ಬಂದು "ಅಮ್ಮಿ, ಹಣ್ಣು" ಎಂದಾಗ ಕೆಲಸದ ಮಧ್ಯೆ ಅದೇ ಕೈಯಿಂದ ಬಾಳೆಹಣ್ಣು ಸುಲಿದು ಬಾಯಿಗಿಡಬೇಡಿರಿ. ಎದ್ದು ಸಾಬೂನು ಹಚ್ಚಿ ಕೈ ತೊಳೆಯಲು ಒಂದು ನಿಮಿಷ ಸಾಕು.

ಇನ್ನು ನೀರಿನ ಮಾತು. ಕೃಷ್ಣಾ ನದಿ ನಮಗೆ ತಾಯಿ ಇದ್ದಂತೆ. ಆದರೆ ನದಿಯ ನೀರನ್ನು ಹಾಗೆಯೇ ಹಣ್ಣಿಗೆ ಬಳಸುವ ಕಾಲ ಹೋಯಿತು. ಮೇಲಿನ ಊರುಗಳ ಹೊಲಸು ಹೊತ್ತ ಪಂಚಗಂಗಾ ನರಸೋಬವಾಡಿಯಲ್ಲಿ ಕೃಷ್ಣೆಗೆ ಸೇರುತ್ತದೆ. ದೂಧಗಂಗಾ ಕಲ್ಲೋಳದ ಬಳಿ ಸೇರುತ್ತದೆ. ನಮ್ಮ ನೆರೆಯ ಇಚಲಕರಂಜಿಯಲ್ಲಿ 2012ರಲ್ಲಿ ಕುಡಿಯುವ ನೀರು ಕೆಟ್ಟು ಕಾಮಾಲೆ ಹರಡಿದ್ದನ್ನು ಅಲ್ಲಿ ಬೀಗರಿರುವ ನಿಮ್ಮಲ್ಲಿ ಅನೇಕರು ಬಲ್ಲಿರಿ. 2005, 2019 ಮತ್ತು 2021ರ ಮಹಾಪೂರಗಳಲ್ಲಿ ನದಿದಂಡೆಯ ಊರುಗಳಿಗೆ ನೀರು ಹೊಕ್ಕಿತ್ತು. ಅಂಥ ದಿನಗಳಲ್ಲಿ ಬಾವಿ, ಬೋರಿನ ನೀರಿಗೂ ಹೊಲಸು ಸೇರುತ್ತದೆ. ಆಗ ಅದೇ ನೀರಿನಲ್ಲಿ ಹಣ್ಣು ತೊಳೆದರೆ ರೋಗವನ್ನು ನಾವೇ ಹಣ್ಣಿಗೆ ಹಚ್ಚಿದಂತೆ.

ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಸುರಕ್ಷಿತ ಆಹಾರಕ್ಕಾಗಿ ಐದು ಸೂತ್ರಗಳನ್ನು ಕೊಟ್ಟಿತು. ಶುದ್ಧ ನೀರು ಬಳಸುವುದು ಮತ್ತು ಹಸಿಯಾಗಿ ತಿನ್ನುವ ಹಣ್ಣು, ತರಕಾರಿಗಳನ್ನು ತೊಳೆಯುವುದು ಎರಡೂ ಅದರಲ್ಲಿ ಒಂದೇ ಸೂತ್ರದ ಕೆಳಗೆ ಬರುತ್ತವೆ. ಒಂದನ್ನು ಬಿಟ್ಟು ಇನ್ನೊಂದಿಲ್ಲ. ನಿಯಮ ಸುಲಭವಾಗಿದೆ: ಯಾವ ನೀರನ್ನು ಮಗುವಿಗೆ ಕುಡಿಸುತ್ತೀರೋ ಅದೇ ನೀರಿನಿಂದ ಹಣ್ಣನ್ನೂ ತೊಳೆಯಿರಿ. ನೀರಿನ ಬಗ್ಗೆ ಅನುಮಾನ ಬಂದರೆ ಕುದಿಸಿ ಆರಿಸಿಕೊಳ್ಳಿರಿ. ಅಥವಾ ಆರೋಗ್ಯ ಕೇಂದ್ರದವರು ಹೇಳಿದ ಪ್ರಮಾಣದಲ್ಲಿ ಕ್ಲೋರಿನ್ ಹಾಕಿ ಅರ್ಧ ತಾಸು ಬಿಟ್ಟು ಬಳಸಿರಿ.

ತೊಳೆಯುವ ರೀತಿ

ತಂದ ಕೂಡಲೇ ಎಲ್ಲ ಹಣ್ಣನ್ನೂ ತೊಳೆದು ಇಡಬೇಡಿರಿ. ಒದ್ದೆ ಹಣ್ಣು ಬೇಗ ಕೊಳೆಯುತ್ತದೆ. ತಿನ್ನುವಾಗ, ತಿನ್ನುವಷ್ಟನ್ನು ಮಾತ್ರ ತೊಳೆಯಿರಿ. ಮೊದಲು ಒಡೆದದ್ದು, ಕೊಳೆತದ್ದನ್ನು ಆರಿಸಿ ತೆಗೆಯಿರಿ. ಬಾವಲಿ ಅಥವಾ ಹಕ್ಕಿ ಕಚ್ಚಿದ ಹಣ್ಣನ್ನು "ಗಿಣಿ ಕಚ್ಚಿದ್ದು ಸಿಹಿ" ಎಂದು ಮಕ್ಕಳಿಗೆ ಕೊಡುವ ರೂಢಿ ಕೆಲವು ಕಡೆ ಇದೆ. ಅದನ್ನು ಬಿಟ್ಟುಬಿಡಿರಿ. 2018ರಲ್ಲಿ ಕೇರಳದ ಕೋಳಿಕೋಡ್ ಮತ್ತು ಮಲಪ್ಪುರಂ ಜಿಲ್ಲೆಗಳಲ್ಲಿ 17 ಜನರ ಪ್ರಾಣ ತೆಗೆದ ನಿಪಾ ವೈರಾಣುವಿನ ಮೂಲ ನೆಲೆ ಹಣ್ಣು ತಿನ್ನುವ ಬಾವಲಿ. ಕಚ್ಚಿದ ಹಣ್ಣನ್ನು ತೊಳೆದು ಉಪಯೋಗವಿಲ್ಲ, ಎಸೆಯಬೇಕು.

ಉಳಿದ ಹಣ್ಣನ್ನು ಹರಿಯುವ ನೀರಿನ ಕೆಳಗೆ ಕೈಯಿಂದ ಉಜ್ಜಿ ತೊಳೆಯಿರಿ. ನಳ ಇಲ್ಲದಿದ್ದರೆ ಒಬ್ಬರು ತಂಬಿಗೆಯಿಂದ ನೀರು ಸುರಿಯಿರಿ, ಇನ್ನೊಬ್ಬರು ಉಜ್ಜಿರಿ. ಬುಟ್ಟಿ ಹಣ್ಣನ್ನೆಲ್ಲ ಒಂದೇ ಬೋಗುಣಿಯಲ್ಲಿ ಅದ್ದಿ ತೆಗೆದರೆ ಒಂದು ಹಣ್ಣಿನ ಹೊಲಸು ಹತ್ತು ಹಣ್ಣಿಗೆ ಹತ್ತುತ್ತದೆ. ದ್ರಾಕ್ಷಿಯ ಗೊಂಚಲನ್ನು ಸಣ್ಣ ಸಣ್ಣದಾಗಿ ಬಿಡಿಸಿ ತೊಳೆಯಿರಿ, ಹೊಲಸು ಕೂರುವುದು ಕಾಳುಗಳ ಸಂದಿಯಲ್ಲಿ. ಆಮೇಲೆ ಶುದ್ಧ ಬಟ್ಟೆಯಿಂದ ಒರೆಸಿರಿ. ಮಾವಿನಹಣ್ಣನ್ನು ನಮ್ಮ ಅಜ್ಜಿಯರು ನೀರಿನಲ್ಲಿ ನೆನೆಹಾಕಿ ಕೊಡುತ್ತಿದ್ದರು. ತೊಟ್ಟಿನ ಸೊನೆ ತಗುಲಿ ಮಕ್ಕಳ ತುಟಿ ಸುಡಬಾರದೆಂಬ ವಿವೇಕ ಅದರಲ್ಲಿತ್ತು.

ಸಾಬೂನು, ಬಟ್ಟೆ ತೊಳೆಯುವ ಪುಡಿ ಮಾತ್ರ ಬೇಡ. 2020ರ ಕೊರೋನಾ ಕಾಲದಲ್ಲಿ ಅನೇಕರು ಹೆದರಿ ಹಣ್ಣು, ತರಕಾರಿಗಳನ್ನು ಸಾಬೂನಿನಲ್ಲಿ ತೊಳೆದರು. ಆಗ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೇ ಹಾಗೆ ಮಾಡಬೇಡಿರಿ ಎಂದು ತಿಳಿಸಿತು. ಹಣ್ಣು ತಟ್ಟೆಯಂತಲ್ಲ, ಸಾಬೂನನ್ನು ಹೀರಿಕೊಳ್ಳುತ್ತದೆ, ಅದು ಮಗುವಿನ ಹೊಟ್ಟೆಗೆ ಹೋಗುತ್ತದೆ.

ಇನ್ನೊಂದು ಮಾತು, ಇದು ತೊಳೆಯುವುದಕ್ಕಿಂತ ದೊಡ್ಡದು. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ದ್ರಾಕ್ಷಿಯನ್ನು ಕೊಡಬೇಡಿರಿ. ಅದು ಮಗುವಿನ ಗಂಟಲಿಗೆ ಬೂಚು ಬಡಿದಂತೆ ಸಿಕ್ಕಿಕೊಳ್ಳುತ್ತದೆ. ಉದ್ದಕ್ಕೆ ನಾಲ್ಕು ಭಾಗವಾಗಿ ಸೀಳಿ, ಕೂರಿಸಿ ತಿನ್ನಿಸಿರಿ.

ಕೆಲವು ವರ್ಷಗಳಿಂದ ರಮಜಾನ್ ತಿಂಗಳು ದ್ರಾಕ್ಷಿ, ಕಲ್ಲಂಗಡಿಯ ಹಂಗಾಮಿನಲ್ಲೇ ಬರುತ್ತಿದೆ. ಇಫ್ತಾರದ ತಟ್ಟೆಗೆ ಮಧ್ಯಾಹ್ನವೇ ಹಣ್ಣು ಹೆಚ್ಚಿಟ್ಟರೆ ಸಂಜೆಯ ಹೊತ್ತಿಗೆ ಆ ಬಿಸಿಲಿನಲ್ಲಿ ರೋಗಾಣುಗಳು ಬೆಳೆದಿರುತ್ತವೆ. ಹೆಚ್ಚಿದ ಹಣ್ಣು ಹೊರಗೆ ಎರಡು ತಾಸಿಗಿಂತ ಹೆಚ್ಚು ಇರಬಾರದು. ಮಗರಿಬ್‌ಗೆ ಸ್ವಲ್ಪ ಮುಂಚೆ ಹೆಚ್ಚಿ ಮುಚ್ಚಿಡಿರಿ. ಖರ್ಜೂರವನ್ನೂ, ಒಣದ್ರಾಕ್ಷಿಯನ್ನೂ ತೊಳೆಯಿರಿ. ಒಣದ್ರಾಕ್ಷಿ ಮಾಡುವವರಿಗೆ ಗೊತ್ತು, ಗೊಂಚಲನ್ನು ಒಂದು ಕ್ಷಾರ ಮತ್ತು ಎಣ್ಣೆಯ ದ್ರಾವಣದಲ್ಲಿ ಅದ್ದಿ ರ‍್ಯಾಕಿನ ಮೇಲೆ ಒಣಗಿಸುತ್ತಾರೆ, ಬಣ್ಣ ಚೆನ್ನಾಗಿ ಬರಲೆಂದು ಗಂಧಕದ ಹೊಗೆ ಹಾಕುವುದೂ ಉಂಟು.

ಆ ಹುಡುಗಿ ಕೇಳಿದ ಪ್ರಶ್ನೆ

ಇಷ್ಟನ್ನೆಲ್ಲ ಒಮ್ಮೆ ತರಗತಿಯಲ್ಲಿ ಹೇಳಿ ಮುಗಿಸಿದಾಗ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ತಾಯಿ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುವವರು. "ಸರ್, ತೊಳದ್ರ ಔಷಧಾನೂ ಎಲ್ಲಾ ಹೋಗ್ತೈತೇನ್ರಿ?" ಎಂದು ಕೇಳಿದಳು. ನನ್ನ ಭಾಷಣದ ನಿಜವಾದ ವಿಷಯ ಈ ಪ್ರಶ್ನೆ.

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆಯೋಣ. ದ್ರಾಕ್ಷಿಯ ಮೇಲೆ ಕಾಣುವ ತೆಳು ಬಿಳಿ ಪುಡಿಯೆಲ್ಲ ಔಷಧವಲ್ಲ. ಅದು ಹಣ್ಣು ತನ್ನ ರಕ್ಷಣೆಗೆ ತಾನೇ ಹೊದ್ದುಕೊಂಡ ಮೇಣ. ಔಷಧದ ಕಲೆ ಚುಕ್ಕೆ ಚುಕ್ಕೆಯಾಗಿ, ಸುರಿದು ಒಣಗಿದಂತೆ ಇರುತ್ತದೆ. ಆದರೆ ಕಣ್ಣಿಗೆ ಕಾಣದ ಔಷಧವೇ ಹೆಚ್ಚು.

ರೈತರು ಹೊಡೆಯುವ ಬೋರ್ಡೊ ದ್ರಾವಣದ ಕಥೆ ಕೇಳಿರಿ. ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಮಾಡುವ ಈ ದ್ರಾವಣ 1880ರ ದಶಕದಲ್ಲಿ ಫ್ರಾನ್ಸ್ ದೇಶದ ಬೋರ್ಡೊ ಸೀಮೆಯಲ್ಲಿ ಹುಟ್ಟಿತು. ದಾರಿಹೋಕರು ಹಣ್ಣು ಕದ್ದು ತಿನ್ನಬಾರದೆಂದು ರಸ್ತೆ ಪಕ್ಕದ ಬಳ್ಳಿಗಳಿಗೆ ಅಲ್ಲಿನ ರೈತರು ಅದನ್ನು ಎರಚುತ್ತಿದ್ದರು. ಆ ಬಳ್ಳಿಗಳಿಗೆ ಡೌನಿ ರೋಗ ಬಾರದಿದ್ದುದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿದರು. ಅಂದರೆ ಅದನ್ನು ಮೊದಲು ಎರಚಿದ್ದೇ "ತಿನ್ನಬೇಡಿ" ಎಂದು ಹೇಳಲು! ಅದು ಹಣ್ಣಿನ ಮೇಲೆ ಕೂರುವ ಔಷಧ. ತೊಳೆದರೆ ಬಹುಪಾಲು ಹೋಗುತ್ತದೆ.

ಆದರೆ ಈಗಿನ ಅನೇಕ ಔಷಧಗಳು ಮೇಲೆ ಕೂರುವಂಥವಲ್ಲ, ಗಿಡದ ಮೈಯೊಳಗೆ ಇಳಿಯುವಂಥವು. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸೇಬಿಗೆ ಎರಡು ಔಷಧ ಹಚ್ಚಿ ಒಂದು ದಿನ ಬಿಟ್ಟು ತೊಳೆದು ನೋಡಿದರು. ಲೀಟರಿಗೆ 10 ಗ್ರಾಂನಂತೆ ಅಡಿಗೆ ಸೋಡಾ ಬೆರೆಸಿದ ನೀರಿನಲ್ಲಿ 12ರಿಂದ 15 ನಿಮಿಷ ಇಟ್ಟಾಗ ಸಿಪ್ಪೆಯ ಮೇಲಿದ್ದ ಔಷಧ ಹೋಯಿತು, ಬರೀ ನೀರಿಗಿಂತ ಸೋಡಾ ಚೆನ್ನಾಗಿ ಕೆಲಸ ಮಾಡಿತು. ಆದರೆ ಒಂದು ಔಷಧದ ಸುಮಾರು 20 ಪ್ರತಿಶತ ಅಷ್ಟರಲ್ಲೇ ಸಿಪ್ಪೆಯೊಳಗೆ ಇಳಿದಿತ್ತು. ಅದನ್ನು ಯಾವ ನೀರೂ ತೆಗೆಯಲಿಲ್ಲ. ಮನೆಯಲ್ಲಿ ಸೋಡಾ ಇದ್ದರೆ ಬಳಸಿರಿ, ಆಮೇಲೆ ಒಳ್ಳೆಯ ನೀರಿನಲ್ಲಿ ಮತ್ತೊಮ್ಮೆ ತೊಳೆಯಿರಿ. ಅದರ ಮೇಲೆ ಪೂರ್ತಿ ಭರವಸೆ ಇಡಬೇಡಿರಿ.

ನಮ್ಮ ದ್ರಾಕ್ಷಿಯ ಉದಾಹರಣೆಯೇ ಇದೆ. 2010ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ರೈತರು ಸಿಸಿಸಿ ಎಂದು ಕರೆಯುವ ಕ್ಲೋರ್‌ಮೆಕ್ವಾಟ್ ಕ್ಲೋರೈಡ್‌ನ ಅಂಶ ಸಿಕ್ಕಿತು. ಮಾಲು ತಿರಸ್ಕೃತವಾಗಿ ಬೆಳೆಗಾರರಿಗೆ ಭಾರೀ ನಷ್ಟವಾಯಿತು. ಬಳ್ಳಿಯ ಅತಿಯಾದ ಬೆಳವಣಿಗೆ ತಡೆಯಲು ಮೊದಲೇ ಹೊಡೆದದ್ದು ಹಣ್ಣಿನವರೆಗೂ ಉಳಿದಿತ್ತು. ಅಂದಿನಿಂದ ರಫ್ತು ಮಾಡುವ ದ್ರಾಕ್ಷಿಯಲ್ಲಿ ಅದರ ಮೇಲೂ ಕಣ್ಣಿಡಲಾಯಿತು. ರಫ್ತಿನ ಹಣ್ಣನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. ಈ ವ್ಯವಸ್ಥೆಯ ಹಿಂದೆ ಮಾಂಜರಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವಿದೆ. ನಮ್ಮ ಚಿಕ್ಕೋಡಿ ತಾಲೂಕಿನ ಮಾಂಜರಿಯಲ್ಲ, ಪುಣೆ ಹತ್ತಿರದ ಮಾಂಜರಿ. ಒಳ್ಳೆಯದು. ಆದರೆ ನನ್ನ ಪ್ರಶ್ನೆ ಇಷ್ಟೇ: ಲಂಡನ್ನಿನ ಮಗುವಿಗೆ ಹೋಗುವ ಪೆಟ್ಟಿಗೆಗೆ ಪರೀಕ್ಷೆಯ ಚೀಟಿ ಇರುತ್ತದೆ. ಕುಡಚಿಯ, ರಾಯಬಾಗದ ಕೈಗಾಡಿಯ ಮೇಲಿನ ಗೊಂಚಲಿಗೆ ಯಾವ ಚೀಟಿ ಇದೆ?

ಒಮ್ಮೆ ಪರಿಚಯದ ಒಬ್ಬ ಬೆಳೆಗಾರರ ತೋಟಕ್ಕೆ ಹೋಗಿದ್ದೆ. ಕೈಗೆ ಸಿಕ್ಕ ಗೊಂಚಲಿಗೆ ಕೈ ಹಾಕಿದೆ. ಅವರು ಓಡಿ ಬಂದು ತಡೆದರು. "ಅದನ್ನ ತಿನಬ್ಯಾಡ್ರಿ ಮಾಸ್ತರ, ನಿನ್ನೆ ಔಷಧಾ ಹೊಡದೇವ್ರಿ. ಮನಿಗಿ ಬ್ಯಾರೆ ಸಾಲ ಐತಿ, ಬರ್ರಿ" ಎಂದು ಕರೆದುಕೊಂಡು ಹೋಗಿ ಔಷಧ ಹೊಡೆಯದ ಸಾಲಿನಿಂದ ಹಣ್ಣು ಕೊಟ್ಟರು. ಪ್ರೀತಿಯಿಂದಲೇ ಕೊಟ್ಟರು. ತಿಂದೆ, ಸಿಹಿಯಾಗಿತ್ತು. ಆದರೆ ಮನೆಗೆ ಬರುವ ದಾರಿಯಲ್ಲಿ ಆ ಸಿಹಿ ಉಳಿಯಲಿಲ್ಲ. ಆ ಇನ್ನೊಂದು ಸಾಲು ಯಾರ ಮಕ್ಕಳಿಗೆ? ಎರಡು ದಿನ ಬಿಟ್ಟು ಅದೇ ಗೊಂಚಲು ಸಂತೆಗೆ ಬಂದರೆ, ಅದನ್ನು ಕೊಳ್ಳುವ ತಾಯಿ ನಾಲ್ಕು ಸಲ ತೊಳೆದರೂ ಏನು ಮಾಡಿಯಾಳು? ಅವಳ ನೀರು ತಲುಪದ ಜಾಗದಲ್ಲಿ ಬೆಳೆಗಾರನ ಮನಸ್ಸಾಕ್ಷಿ ಮಾತ್ರ ಕೆಲಸ ಮಾಡಬಲ್ಲದು.

ಹಾಗೆಂದು ನಾನು ರೈತರನ್ನು ದೂಷಿಸಲು ನಿಂತಿಲ್ಲ. ಅಕ್ಟೋಬರ್ ಚಾಟ್ನಿಯ ಮೇಲೆ ಅಕಾಲದ ಮಳೆ ಬಿದ್ದರೆ ವರ್ಷದ ಬೆಳೆ ಎರಡು ರಾತ್ರಿಯಲ್ಲಿ ಹೋಗುತ್ತದೆ, ಸಾಲ ಮಾತ್ರ ಉಳಿಯುತ್ತದೆ. ಔಷಧ ಹೊಡೆಯಬೇಡಿರಿ ಎಂದು ನಾನು ಹೇಳುವುದಿಲ್ಲ. ಪ್ರತಿ ಔಷಧಕ್ಕೂ ಹೊಡೆದ ಮೇಲೆ ಕೊಯ್ಲಿಗೆ ಮೊದಲು ಇಂತಿಷ್ಟು ದಿನ ಕಾಯಬೇಕು ಎಂಬ ನಿಯಮವಿದೆ. ಆ ದಿನಗಳನ್ನು ಕಾಯಿರಿ. ರೇಟು ಚೆನ್ನಾಗಿದೆಯೆಂದು ಅವಸರದಿಂದ ಕೊಯ್ಯಬೇಡಿರಿ. ನಾನು ಕೇಳುವುದು ಇಷ್ಟೇ.

ವಿದ್ಯಾರ್ಥಿಗಳ ಪಾಲಿನ ಕೆಲಸ

ಈಗ ವಿದ್ಯಾರ್ಥಿಗಳೇ, ನಿಮ್ಮ ಕಡೆಗೆ ಬರುತ್ತೇನೆ. ನಮ್ಮ ಅನೇಕ ಮನೆಗಳಲ್ಲಿ ತಂದೆ ತಾಯಿಗೆ ಓದು ಬಾರದು, ನಿಮಗೆ ಬರುತ್ತದೆ. ಔಷಧದ ಡಬ್ಬಿಯ ಮೇಲೆ ಒಂದು ಬಣ್ಣದ ಗುರುತು ಇರುತ್ತದೆ. ಕೆಂಪು ಎಂದರೆ ಅತ್ಯಂತ ವಿಷ, ಹಳದಿ ಅದಕ್ಕಿಂತ ಸ್ವಲ್ಪ ಕಡಿಮೆ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರಿದ್ದರೂ ವಿಷ ವಿಷವೇ. ಜೊತೆಯಲ್ಲಿ ಮಡಿಸಿಟ್ಟ ಒಂದು ಚೀಟಿ ಇರುತ್ತದೆ. ಯಾವ ಬೆಳೆಗೆ, ಎಷ್ಟು ಪ್ರಮಾಣ, ಕೊಯ್ಲಿಗೆ ಎಷ್ಟು ದಿನ ಕಾಯಬೇಕು ಎಂಬುದು ಅದರಲ್ಲಿದೆ. ಬಹಳ ಮಂದಿ ಅದನ್ನು ಬಿಚ್ಚುವುದೇ ಇಲ್ಲ. ನೀವು ಬಿಚ್ಚಿ ಅಬ್ಬಾನ ಮುಂದೆ ಗಟ್ಟಿಯಾಗಿ ಓದಿರಿ. ಔಷಧ ಹೊಡೆದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ನೀವು ಕಲಿತ ವಿದ್ಯೆ ಮನೆಗೆ ಮರಳಿ ಬರುವ ಮೊದಲ ಕಂತು ಇದು.

ಖಾಲಿ ಡಬ್ಬಿಯನ್ನು ತೊಳೆದು ನೀರಿಗೆ, ಎಣ್ಣೆಗೆ ಬಳಸುವವರಿದ್ದಾರೆ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಅಡಿಗೆಯ ಎಣ್ಣೆಯಲ್ಲಿ ಕೀಟನಾಶಕ ಸೇರಿತ್ತು. ಈ ಸಂಗತಿಯನ್ನು ಮನೆಯಲ್ಲಿ ಹೇಳಿರಿ. ಖಾಲಿ ಡಬ್ಬಿಯನ್ನು ಮನೆಯೊಳಗೆ ತರಲು ಬಿಡಬೇಡಿರಿ. ತೋಟಕ್ಕೆ ಕೂಲಿಗೆ ಹೋಗುವ ತಾಯಿಯ ಜೊತೆ ತಮ್ಮ ತಂಗಿಯರು ಹೋದರೆ, ಬಳ್ಳಿಯಿಂದ ಕಿತ್ತು ಹಾಗೆಯೇ ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿರಿ. ಆ ಮಕ್ಕಳೇ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವವರು.

ಇಷ್ಟೆಲ್ಲ ಕೇಳಿ ಹೆದರಿ ಮಕ್ಕಳಿಗೆ ಹಣ್ಣು ಕೊಡುವುದನ್ನೇ ಬಿಟ್ಟು ಅಂಗಡಿಯ ಕುರುಕಲು ಪಾಕೀಟು ಕೊಡಿಸಬೇಡಿರಿ. ಅದು ದೊಡ್ಡ ತಪ್ಪಾಗುತ್ತದೆ. ಹಣ್ಣು ಬೇಕೇ ಬೇಕು. ಒಂದೇ ಹಣ್ಣನ್ನು ದಿನವೂ ಕೊಡದೆ ಬೇರೆ ಬೇರೆ ಕೊಡಿರಿ. ಹಂಗಾಮಿನ ಹಣ್ಣನ್ನು, ಊರಿನ ಬಾರಿ, ಪೇರಲ, ಪಪ್ಪಾಯಿಯನ್ನು ಕೊಡಿರಿ. ಪರಿಚಯದ ಬೆಳೆಗಾರರಿದ್ದರೆ ಯಾವಾಗ ಔಷಧ ಹೊಡೆದದ್ದು ಎಂದು ಕೇಳಿ ಕೊಳ್ಳಿರಿ. ಕೇಳುವವರು ಹೆಚ್ಚಾದರೆ ಕಾಯುವವರೂ ಹೆಚ್ಚಾಗುತ್ತಾರೆ.

ಆ ಹುಡುಗಿಗೆ ಅಂದು ನಾನು ಕೊಟ್ಟ ಉತ್ತರವನ್ನೇ ನಿಮಗೂ ಹೇಳುತ್ತೇನೆ. ತೊಳೆದರೆ ಹೋಗುವುದನ್ನು ತಾಯಿ ತೊಳೆಯಬೇಕು. ತೊಳೆದರೂ ಹೋಗದ್ದನ್ನು ಬೆಳೆಗಾರ ತಡೆಯಬೇಕು. ನಮ್ಮ ಭಾಗದಲ್ಲಿ ಈ ಇಬ್ಬರೂ ಒಂದೇ ಊರಿನವರು, ಅನೇಕ ಸಲ ಒಂದೇ ಮನೆಯವರು. ಮನೆಗೊಂದು ಸಾಲು, ಸಂತೆಗೊಂದು ಸಾಲು ಎಂಬ ಭೇದ ನಮ್ಮ ತೋಟಗಳಿಂದ ಹೋಗಲಿ. ಸಂತೆಗೆ ಬರುವ ಮಕ್ಕಳೂ ನಮ್ಮ ಮಕ್ಕಳೇ.